ಒಪ್ಪತ್ತಿನ ಅಕ್ಕಿ ಕಡಲು ದಾಟಿದ್ದು

ಒಂದು ಮಂಗಳವಾರ ಬೆಳಗ್ಗೆ ನದಿ ದಂಡೆಯ ಆಶ್ರಮದಲ್ಲಿ ಗಂಜಿಗೆ ಉಪ್ಪು ಬಿದ್ದಿರಲಿಲ್ಲ. ಹನ್ನೊಂದು ಮಂದಿ ಈ ಘಟನೆಯಲ್ಲಿ ಸಿಲುಕಿದರು. ಹಿಂದಿನ ದಿನ ಸೋಮವಾರದ ಒಪ್ಪತ್ತು. ಎಲ್ಲರೂ ಒಂದೇ ಊಟದ ಮೇಲೆ ಬೆಳಗು ಕಂಡವರು. ಹಿರಿಯರೊಬ್ಬರು ಬಟ್ಟಲು ಕೆಳಗಿಟ್ಟು ಆಕಾಶ ನೋಡಿದರು. ಪ್ರಾಣಹಾನಿ ಆಗಲಿಲ್ಲ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಅಡುಗೆಯ ಹೊಣೆ ಹೊತ್ತ ಶಿಷ್ಯ ಚನ್ನವೀರನ ಬಲಗೈಯಲ್ಲಿ ಉಪ್ಪಿತ್ತು, ಎಡಗೈಯಲ್ಲಿ ಮೊಬೈಲ್ ಇತ್ತು. ಅವನು ಎಡಗೈ ನೋಡುತ್ತ ಬಲಗೈಯನ್ನು ಮರೆತಿದ್ದ. ಉಪ್ಪು ಒಲೆಯ ಪಾಲಾಗಿತ್ತು.

ಗುರು ನೀಲಮ್ಮ ತಾಯಿ ಮಾತ್ರ ಬಟ್ಟಲು ಖಾಲಿ ಮಾಡಿದರು. ಎಪ್ಪತ್ತೆಂಟರ ಅವರನ್ನು ಎಲ್ಲರೂ ಅವ್ವಾರು ಎನ್ನುತ್ತಿದ್ದರು.

"ಅವ್ವಾರ, ತಪ್ಪಾತ್ರಿ."

"ಗಂಜಿ ಇರಲಿ. ಕಡಲಾಚೆ ಕೆಲಸ ಎಲ್ಲಿಗೆ ಬಂತು?"

ಚನ್ನವೀರನ ಮುಖ ಗಂಜಿಗಿಂತ ಸಪ್ಪಗಾಯಿತು.

ಆ ಕೆಲಸ ಇದು. ಆಶ್ರಮದವರೂ ಎದುರು ದಂಡೆಯ ಅಂಬಿಗರ ಕೇರಿಯವರೂ ಸೋಮವಾರ ಒಂದೇ ಹೊತ್ತು ಉಣ್ಣುತ್ತಾರೆ. ಉಣ್ಣದ ಹೊತ್ತಿನ ಅಕ್ಕಿಯನ್ನು ಗಡಿಗೆಯಲ್ಲಿ ಹಾಕುತ್ತಾರೆ. ವರ್ಷಕ್ಕೊಮ್ಮೆ ಆ ಅಕ್ಕಿ ಮಾರಿ, ಬಂದದ್ದನ್ನು ತಾವು ಎಂದೂ ಮುಖ ನೋಡದ ಹಸಿದವರಿಗೆ ಕಳಿಸುತ್ತಾರೆ. ಒಂಬತ್ತು ದಿನದ ಹಿಂದೆ ದೂರದ ಒಂದು ದ್ವೀಪದ ಮೇಲೆ ಕಡಲು ಏರಿ ಬಂದು, ಊರುಗಳನ್ನು ನುಂಗಿ, ಹಿಂದಕ್ಕೆ ಹೋಗಿತ್ತು. ಈ ವರ್ಷ ಅಲ್ಲಿಗೆ ಕಳಿಸು ಎಂದು ಅವ್ವಾರು ಹೇಳಿದ್ದರು.

ಹೋದ ವರ್ಷವೂ ಹೀಗೆಯೇ ಹೇಳಿದ್ದರು. ಆಗ ಬೇರೊಂದು ದೇಶದಲ್ಲಿ ನೆಲ ನಡುಗಿತ್ತು.

ಆ ದೇಶದವರಿಗಾಗಿ ಬೇಡುತ್ತ ಒಬ್ಬ ಮನುಷ್ಯ ಆಶ್ರಮಕ್ಕೆ ಬಂದಿದ್ದ. ಆಶ್ರಮದಲ್ಲಿ ಮನುಷ್ಯರನ್ನು ಅಳೆಯುವುದಕ್ಕೆ ಒಂದೇ ಅಳತೆ: ಉಂಡೆದ್ದ ಎಲೆ. ಒಂದು ಅಗುಳೂ ಬಿಡದವನು ಒಳ್ಳೆಯವನು. ಬಂದವನು ಎಲೆಯನ್ನು ಎಷ್ಟು ಚೊಕ್ಕ ಮಾಡಿದ್ದನೆಂದರೆ, ಅದರಲ್ಲಿ ಇನ್ನೊಬ್ಬರು ಉಣ್ಣಬಹುದಿತ್ತು. ಚನ್ನವೀರ ವರ್ಷದ ಒಪ್ಪತ್ತನ್ನೆಲ್ಲ ಅವನ ಕೈಗಿಟ್ಟ. ದಾರಿಗೆ ಬುತ್ತಿಯನ್ನೂ ಕಟ್ಟಿಕೊಟ್ಟ.

ಒಂದು ತಿಂಗಳ ಮೇಲೆ ಅವನು ಕೊಟ್ಟ ರಸೀದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ಎತ್ತಿದ್ದು ಒಂದು ಪಂಕ್ಚರ್ ಅಂಗಡಿ. ಅಂಗಡಿಯವನು ಒಳ್ಳೆಯವನು. ಭೂಕಂಪದ ಸುದ್ದಿ ಕೇಳಿ ಮರುಗಿದ.

ಇದನ್ನು ಚನ್ನವೀರ ಅವ್ವಾರಿಗೆ ಅಂದೇ ಹೇಳಿದ್ದ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಎದುರು ದಂಡೆಯ ಮುದುಕಿ ದ್ಯಾಮವ್ವ ಒಮ್ಮೆ ಅವನನ್ನು ನಿಲ್ಲಿಸಿ ಕೇಳಿದ್ದಳು: "ನನ್ನ ಅಕ್ಕಿ ಮುಟ್ಟಿತೇನಪಾ?"

"ಮುಟ್ಟೈತಬೇ," ಎಂದಿದ್ದ.

ಅಂದಿನಿಂದ ಅವನು ಆ ದಂಡೆಗೆ ಹೋಗಿರಲಿಲ್ಲ.

"ಈ ಸಲ ಕಳಿಸಾಕ ಎಷ್ಟು ದಾರಿ ನೋಡಿದಿ?" ಅವ್ವಾರು ಕೇಳಿದರು.

"ಹದಿನಾಲ್ಕು ನೋಡೀನ್ರಿ."

"ಯಾವುದು ಆರಿಸಿದಿ?"

"ಯಾವುದೂ ಇಲ್ರಿ. ಒಬ್ಬರ ಫೋಟೋದಾಗ ಅಳೋ ಕೂಸು ಇನ್ನೊಬ್ಬರ ಫೋಟೋದಾಗೂ ಅಳಾಕತ್ತೈತಿ. ಒಬ್ಬರು ಇವತ್ತ ಕಳಿಸು ಅಂತಾರ, ನಾಳೆಗೆ ನಡೆಯಂಗಿಲ್ಲಂತ. ಒಬ್ಬರು ತಾವ ಫೋನ್ ಮಾಡಿ ನನ್ನ ಹೆಸರು ಹಿಡಿದು ಮಾತಾಡಿಸ್ತಾರ. ನನ್ನ ಹೆಸರು ಅವರಿಗೆ ಹೆಂಗ ಗೊತ್ತಾತ್ರಿ?"

"ನಿನ್ನ ಕೋಣಿಯೊಳಗ ಅದೇನದು, ಬಾಗಿಲು ಮುಚ್ಚವಲ್ದು?"

"ಕಂಬಳಿ ಅವ್ವಾರ. ಕುರುಬರ ಓಣಿಯವರು ಮೂವತ್ತು ಕರಿ ಕಂಬಳಿ ಕೊಟ್ಟಾರ. ರೊಕ್ಕ ಆದ್ರ ಕದೀತಾರ, ಕಂಬಳಿ ಯಾರು ಕದೀತಾರ್ರಿ?"

"ಆ ದ್ವೀಪದಾಗ ಚಳಿ ಐತೇನು?"

ಚನ್ನವೀರ ಅದನ್ನು ನೋಡಿರಲಿಲ್ಲ. ಮೊಬೈಲಿನಲ್ಲಿ ನೋಡಿದ. ಅಲ್ಲಿ ಚಳಿಗಾಲ ಎಂಬುದೇ ಇರಲಿಲ್ಲ.

"ಇನ್ನೂ ನೋಡ್ತೀನ್ರಿ," ಎಂದ.

"ನೋಡು. ನೀನು ಹದಿನೈದನೇ ದಾರಿ ನೋಡೋ ತನಕ ಅಲ್ಲಿಯವರಿಗೂ ಒಪ್ಪತ್ತು."

ಬುಧವಾರ ಒಬ್ಬ ಬಂದ. ಎದೆಯ ಮೇಲೆ ಬಿಲ್ಲೆ, ಕೈಯಲ್ಲಿ ರಸೀದಿ ಪುಸ್ತಕ. ದ್ವೀಪದ ಹೆಸರನ್ನು ತಡವರಿಸದೆ ಹೇಳಿದ. ಊಟಕ್ಕೆ ಕೂತ. ಚನ್ನವೀರ ಸಾರು ಬಡಿಸುವ ನೆಪದಲ್ಲಿ ಮೂರು ಸಲ ಅವನ ಎಲೆ ನೋಡಿದ.

ಎಲೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ.

ಚನ್ನವೀರ ಸೌಟು ಹಿಡಿದೇ ಅವ್ವಾರ ಬಳಿ ಬಂದ.

"ಕೊಡ್ಲೇನ್ರಿ?"

"ಎಲೆ ಹೇಳೋದು ಹಸಿವು ಎಷ್ಟಿತ್ತು ಅಂತ. ಅಷ್ಟ. ನಾನು ನಿಮಗೆಲ್ಲ ಕಲಿಸಿದ್ದು ಅರ್ಧ."

"ಉಳಿದ ಅರ್ಧ ಏನ್ರಿ?"

"ನನಗೂ ಹೋದ ವರ್ಷನ ಗೊತ್ತಾತು, ಅರ್ಧ ಉಳಿದೈತಿ ಅಂತ."

ಚನ್ನವೀರ ಬಂದವನಿಗೆ ಒಂದು ವಾರ ಬಿಟ್ಟು ಬಾ ಎಂದ. ಅವನು ಸಂಜೆ ಬಸ್ಸಿಗೇ ಹೋಗಬೇಕು, ಕೊಡುವುದಿದ್ದರೆ ಈಗಲೇ ಕೊಡಿ ಎಂದ. ಚನ್ನವೀರ ಕೊಡಲಿಲ್ಲ. ಅವನು ಬೇಸರದ ಮುಖ ಮಾಡಿ ಎದ್ದು ಹೋದ.

"ಅವ್ವಾರ, ಅಂವ ಖರೇನ ಇದ್ದಿದ್ರ?"

"ಇದ್ರೂ ಇದ್ದಾನು."

ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಯಾರೂ ದೂರು ಕೊಡಲಿಲ್ಲ. ಮಂಗಳವಾರದ ಬಾಕಿ ತೀರಿತೆಂದು ತಿಳಿದರು.

ಗುರುವಾರ ಅವ್ವಾರು ಒಂದು ಸಣ್ಣ ಗಡಿಗೆ ಗಂಜಿ ಕೊಟ್ಟು ಹೇಳಿದರು: "ದ್ಯಾಮವ್ವಗ ಜ್ವರ ಅಂತ. ಒಯ್ದು ಕೊಟ್ಟು ಬಾ."

ಚನ್ನವೀರ ಹೊಳೆ ತನಕ ಹೋದ. ಅರ್ಧ ಗಳಿಗೆಯಲ್ಲಿ ಬರಿಗೈಯಲ್ಲಿ ವಾಪಸಾದ.

"ಇಷ್ಟು ಲಗೂ ದಾಟಿ ಬಂದಿ?"

"ಅಂಬಿಗರ ಯಮನೂರನ ಹರಿಗೋಲಿನಾಗ ಕಳಿಸೀನ್ರಿ."

"ಹೊಸಾ ಮೋಟಾರ್ ದೋಣಿ ಬಂದೈತಂತಲ್ಲ. ಬಣ್ಣ ಹಚ್ಚಿದ್ದು."

"ಐತ್ರಿ. ಅದರಂವ ಅಂಗಿ ಹಿಡಿದು ಜಗ್ಗಿದ, ಎರಡು ನಿಮಿಷದಾಗ ಮುಟ್ಟಿಸ್ತೀನಿ ಅಂತ."

"ಮತ್ತ?"

"ಅದು ಮಳಿಗಾಲದಾಗ ಏರಿದ ಹೊಳಿ ಇಳಿದ ಮ್ಯಾಲೆ ಬಂದೈತ್ರಿ."

"ಯಮನೂರ ಮುಟ್ಟಿಸ್ತಾನೇನು?"

"ಮುಟ್ಟಿಸ್ತಾನ್ರಿ."

"ಅವನ ಎಲೆ ನೋಡಿದೇನು?"

ಚನ್ನವೀರನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದದ್ದರಿಂದ ಅದು ಸರಿಯಾಗಿ ಬರಲಿಲ್ಲ. "ಅವನ ಎಲಿ ಯಾಕ್ರಿ ನೋಡೋದು? ಹೊಳಿ ಏರೋ ಮೊದಲೂ ಅಂವ ಇಲ್ಲೇ ಇದ್ದ. ಏರಿದಾಗಲೂ ಇದ್ದ. ಇಳಿದ ಮ್ಯಾಲೂ ಅದಾನ."

"ಕಡಲಾಚೆ ಅಂಥಾ ಒಬ್ಬ ಯಮನೂರ ಇಲ್ಲೇನು?"



ಅಂದು ಮಧ್ಯಾಹ್ನ ಚನ್ನವೀರ ಮೊಬೈಲಿಗೆ ಬೇರೆ ಪ್ರಶ್ನೆ ಕೇಳಿದ. ಆ ದ್ವೀಪಕ್ಕಾಗಿ ಈಗ ಯಾರು ಬೇಡುತ್ತಿದ್ದಾರೆ ಎಂದಲ್ಲ. ಕಡಲು ಏರುವ ಮೊದಲು ಅಲ್ಲಿ ಯಾರಿದ್ದರು ಎಂದು. ಹದಿನಾಲ್ಕು ದಾರಿಗಳಲ್ಲಿ ಮೂರು ಉಳಿದವು. ಅವುಗಳಲ್ಲಿ ಒಂದು, ಇಪ್ಪತ್ತೆರಡು ವರ್ಷದಿಂದ ಅಲ್ಲಿ ಹೆರಿಗೆ ಮಾಡಿಸುತ್ತ ಬಾವಿ ತೋಡಿಸುತ್ತ ಇದ್ದ ಸಂಸ್ಥೆ. ಅದರ ಹಳೆಯ ವರದಿಗಳನ್ನು ಓದತೊಡಗಿದ. ಅಳುವ ಕೂಸಿನ ಫೋಟೋ ಒಂದೂ ಇರಲಿಲ್ಲ. ಬಾವಿಗಳ ಫೋಟೋ ಇದ್ದವು. ನೋಡುವಂಥದ್ದೇನೂ ಅವುಗಳಲ್ಲಿ ಇರಲಿಲ್ಲ.

ಆರು ವರ್ಷದ ಹಿಂದಿನ ವರದಿಯಲ್ಲಿ ಹೀಗೆ ಬರೆದಿತ್ತು: "ಈ ವರ್ಷ ಐದು ಬಾವಿ ತೋಡಿದೆವು. ಒಂದು ಕುಸಿಯಿತು. ಆ ಜಾಗ ಬೇಡವೆಂದು ಊರಿನವರು ಹೇಳಿದ್ದರು. ನಾವು ಕೇಳಲಿಲ್ಲ. ತಪ್ಪು ನಮ್ಮದು."

ಚನ್ನವೀರ ಅದನ್ನು ನಾಲ್ಕು ಸಲ ಓದಿದ.

ಮರುದಿನ ತಾಲ್ಲೂಕಿನ ಬ್ಯಾಂಕಿಗೆ ಹೋದ. ಸಂಸ್ಥೆಗೆ ನಮ್ಮ ದೇಶದಲ್ಲಿ ಕಚೇರಿ ಉಂಟೇ, ಸರ್ಕಾರದಲ್ಲಿ ಅದರ ನೋಂದಣಿ ಉಂಟೇ ಎಂದು ಕೇಳಿದ. ಅಧಿಕಾರಿ ಕನ್ನಡಕ ಹಾಕಿಕೊಂಡು ಹುಡುಕಿ, ಉಂಟು ಎಂದರು. ನೋಂದಣಿಯಲ್ಲಿದ್ದ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಚನ್ನವೀರ ತಾನಾಗಿ ಫೋನ್ ಮಾಡಿದ. ಒಬ್ಬ ಹೆಣ್ಣುಮಗಳು ಎತ್ತಿದಳು.

"ನಾನು ಒಂದು ಆಶ್ರಮದಿಂದ ಮಾತಾಡ್ತೀನ್ರಿ. ಆ ದ್ವೀಪಕ್ಕ..."

"ದಯವಿಟ್ಟು ಕಂಬಳಿ ಕಳಿಸಬೇಡಿ."

"ನಾನಿನ್ನೂ ಕಂಬಳಿ ಅಂದೇ ಇಲ್ರಿ."

"ಎಲ್ಲರೂ ಅನ್ನುತ್ತಾರೆ. ಬಂದಿರೋ ಕಂಬಳಿ ಇಡೋಕೆ ಅಲ್ಲಿ ಒಂದು ಡೇರೆ ಹಾಕಿದ್ದೇವೆ. ಜನ ಹೊರಗೆ ಮಲಗಿದ್ದಾರೆ."

"ಇದು ಅಕ್ಕಿ ಮಾರಿದ ರೊಕ್ಕ ರಿ. ಅಕ್ಕಿಗೇ ಅಂತ ಬರೀಲೇನ್ರಿ?"

"ಬರೆಯಬಹುದು. ಅಕ್ಕಿ ಬಂದಿದೆ, ನೀರಿಲ್ಲ. ಬಾವಿಗಳಿಗೆಲ್ಲ ಕಡಲು ನುಗ್ಗಿದೆ. ಯಾವುದು ಬೇಕೋ ಅದಕ್ಕೆ ಅಂತ ಬರೆದರೆ ಒಳ್ಳೆಯದು."

"ಖಂಡಿತ ಮುಟ್ಟತೈತೇನ್ರಿ?"

"ಏನಾಯಿತೋ ಅದನ್ನು ಬರೆದು ತಿಳಿಸುತ್ತೇವೆ," ಎಂದಳು.

ಚನ್ನವೀರ ಆಶ್ರಮಕ್ಕೆ ಬಂದು ಅವ್ವಾರ ಮುಂದೆ ಕೂತ.

"ಆರಿಸೀನ್ರಿ. ನಾಳೆ ಕಳಿಸ್ತೀನಿ."

"ಹೆಂಗ ನಂಬಿದಿ?"

"ಒಂದು ಬಾವಿ ಕುಸೀತು, ತಪ್ಪು ನಮ್ಮದು ಅಂತ ಅವರ ಬರದಾರ್ರಿ. ಯಾರೂ ಕೇಳಿರಲಿಲ್ಲ. ಬರೀದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅವ್ವಾರು ತಲೆ ಆಡಿಸಿದರು. ನದಿಯ ಆಚೆ ದಂಡೆ ನೋಡಿದರು.

"ಮತ್ತ ನಿನ್ನ ಬಾವಿ?"

ದ್ಯಾಮವ್ವನಿಗೆ ತಾನು ಆಡಿದ ಸುಳ್ಳನ್ನು ಇವರಿಗೆ ಯಾರು ಹೇಳಿದರು ಎಂದು ಚನ್ನವೀರನಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಎದ್ದು ಹೊಳೆಯ ಕಡೆ ನಡೆದ.

ಯಮನೂರ ಹರಿಗೋಲು ನೀರಿಗಿಳಿಸಿದ. "ಏನ್ರಿ, ವರ್ಷದ ಮ್ಯಾಲೆ ಆ ದಂಡಿಗೆ? ಈಜು ಕಲಿಯೋ ತನಕ ದಾಟಂಗಿಲ್ಲ ಅಂತ ಆಣಿ ಮಾಡಿದ್ರೇನು?"

ಚನ್ನವೀರ ಹತ್ತಿ ಅಂಚು ಹಿಡಿದು ಕೂತ. ಹರಿಗೋಲು ಒಂದು ಸುತ್ತು ತಿರುಗಿತು. ಆಚೆ ದಂಡೆ ಮುಟ್ಟಿತು.

ದ್ಯಾಮವ್ವ ಗುಡಿಸಲ ಮುಂದೆ ಕೂತು ಬಲೆಯ ಗಂಟು ಬಿಚ್ಚುತ್ತಿದ್ದಳು. ಜ್ವರ ಇಳಿದಿತ್ತು.

"ಹೋದ ವರ್ಷದ ನಿನ್ನ ಅಕ್ಕಿ ಮುಟ್ಟಲಿಲ್ಲಬೇ," ಎಂದ ಚನ್ನವೀರ, ನಿಂತುಕೊಂಡೇ. "ಕಳ್ಳಗ ಕೊಟ್ಟೆ. ಆಮ್ಯಾಲೆ ನಿನಗ ಸುಳ್ಳು ಹೇಳಿದೆ. ತಪ್ಪು ನಂದು."

ದ್ಯಾಮವ್ವ ಗಂಟಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿತ್ತು."

"ಹೆಂಗ?"

"ಮುಟ್ಟಿದ್ರ ನೀನ ಓಡಿ ಬಂದು ಹೇಳ್ತಿದ್ದಿ. ನಾ ಕೇಳಿದ ಮ್ಯಾಲೆ ಹೇಳಿದಿ. ಹೇಳಿದ ಮ್ಯಾಲೆ ಈ ದಂಡಿ ಬಿಟ್ಟಿ."

"ಮತ್ತ ಈ ವರ್ಷನೂ ಯಾಕ ಅಕ್ಕಿ ಹಾಕಿದಿ?"

"ಕಳ್ಳ ಒಯ್ದದ್ದು ಹೋದ ವರ್ಷದ್ದು. ಹಸಿವು ಈ ವರ್ಷದ್ದು." ಗಂಟು ಬಿಚ್ಚಿತು. ಅವಳು ಇನ್ನೊಂದು ಹುಡುಕಿದಳು. "ಈ ಸಲನರ ಮುಟ್ಟತೈತೇನು?"

ಮುಟ್ಟತೈತಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚನ್ನವೀರ ಅದನ್ನು ನುಂಗಿಕೊಂಡ.

"ಗೊತ್ತಿಲ್ಲಬೇ. ಗೊತ್ತಾದ ದಿನ ನಾನ ಬಂದು ಹೇಳ್ತೀನಿ. ಮುಟ್ಟದಿದ್ರೂ ಬಂದು ಹೇಳ್ತೀನಿ."

"ಹಂಗಾರ ಕೂಡು. ಈ ತುದಿ ಹಿಡಿ," ಎಂದು ದ್ಯಾಮವ್ವ ಬಲೆಯನ್ನು ಅವನ ಕೈಗೆ ಕೊಟ್ಟಳು.

ರೊಕ್ಕ ಮರುದಿನ ಹೋಯಿತು. ಕಂಬಳಿಗಳು ಕುರುಬರ ಓಣಿಗೆ ವಾಪಸಾದವು. ಮೂರು ತಿಂಗಳು ಚನ್ನವೀರ ಅಂಚೆಯವನ ಸೈಕಲ್ ಸದ್ದಿಗೆ ಕೈಕೆಲಸ ಬಿಟ್ಟು ಓಡಿದ. ಆ ಅವಧಿಯಲ್ಲಿ ಏಳು ಸಲ ಅನ್ನ ಸೀದುಹೋಯಿತು.

ನಾಲ್ಕನೇ ತಿಂಗಳು ಪತ್ರ ಬಂತು. ಅವ್ವಾರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಚನ್ನವೀರ ಅಲ್ಲೇ ಒಡೆದು ಓದಿದ.

"ನಿಮ್ಮಂಥವರು ಕಳಿಸಿದ್ದರಲ್ಲಿ ನಾಲ್ಕು ಬಾವಿಗಳ ಕಡಲ ನೀರು ತೆಗೆಸಿದೆವು. ಮೂರರ ನೀರನ್ನು ಈಗ ಜನ ಕುಡಿಯುತ್ತಿದ್ದಾರೆ. ನಾಲ್ಕನೆಯದು ಇನ್ನೂ ಉಪ್ಪು. ಅವಸರದಲ್ಲಿ ಹೆಚ್ಚು ನೀರು ಎತ್ತಿದೆವು. ಎತ್ತಿದಷ್ಟೂ ತಳದಿಂದ ಕಡಲು ಒಳಗೆ ಬಂತು. ಕಾಯಬೇಕಿತ್ತು. ತಪ್ಪು ನಮ್ಮದು."

ಅವನ ದನಿ ಇಳಿದಿತ್ತು. ಪತ್ರ ಮಡಚಿದ, ಮತ್ತೆ ಬಿಚ್ಚಿದ.

"ಅವ್ವಾರ, ಒಂದು ಬಾವಿ ಇನ್ನೂ ಉಪ್ಪಂತ್ರಿ. ದ್ಯಾಮವ್ವಗ ನಾನು ಏನಂತ ಹೇಳ್ಲಿ?"

"ಉಪ್ಪಾದದ್ದನ್ನೂ ಬರದಾರಲ್ಲ. ಮುಟ್ಟೈತಂತ ಹೇಳು."