ಒಂದು ಕತ್ತೆ ಬೆಲೆಯ ಪಿಸ್ತೂಲು

"ಗುರುಗಳೇ, ದೊಡ್ಡ ಧೈರ್ಯವನ್ನು ಎಲ್ಲಿಂದ ತರುವುದು?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಹೆಸರುಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ಮಠದಲ್ಲಿ ಅಡಿಗೆಯವಳಿಲ್ಲದೆ ಆ ಕೆಲಸ ಅವರ ಪಾಲಿಗೆ ಬಂದಿತ್ತು.

"ಈಗ ಯಾಕೆ ಬೇಕಾಯಿತು ಅದು?" ಎಂದರು.

"ನಿನ್ನೆ ಊರ ಗೌಡರು ಎಲ್ಲರ ಎದುರಿಗೆ ನಮ್ಮ ಅಡಿಗೆಯ ಸಂಕವ್ವನನ್ನು ಬೆಳ್ಳಿ ಲೋಟ ಕದ್ದ ಕಳ್ಳಿ ಎಂದು ಹೊರಗೆ ಹಾಕಿದರು. ಆ ಬೆಳ್ಳಿ ಲೋಟವನ್ನು ನಾನು ಗೌಡರ ಅಳಿಯನ ಚೀಲದಲ್ಲಿ ಕಂಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ಎಂಟು ವರ್ಷ ಓದಿದ್ದೇನೆ. ಇನ್ನಷ್ಟು ಓದಿ, ಒಂದು ಕಠಿಣ ವ್ರತ ಹಿಡಿದು, ದೊಡ್ಡ ಧೈರ್ಯ ಸಂಪಾದಿಸಿಕೊಂಡು ಆಮೇಲೆ ಮಾತಾಡುತ್ತೇನೆ. ಯಾವ ವ್ರತ ಹಿಡಿಯಲಿ?"

"ವ್ರತದ ಮಾತು ಆಮೇಲೆ. ಪಿಸ್ತೂಲು ಕೊಳ್ಳುವುದು ಹೇಗೆಂದು ನಿನಗೆ ಗೊತ್ತೇನು?"

"ಪಿಸ್ತೂಲೇ?"

"ಹೌದು, ಪಿಸ್ತೂಲೇ. ದಿನವೂ ಸೊಂಟದಲ್ಲಿ ಇಟ್ಟುಕೊಳ್ಳುವಂಥದ್ದು. ಕೂತುಕೋ. ನೀನೂ ಎರಡು ಹಿಡಿ ಕಾಳು ಆರಿಸು, ಹೇಳುತ್ತೇನೆ."

ಮರುಳಯ್ಯ ಕುಳಿತ. ಗುರುಗಳು ಹೇಳಿದರು.

ಉಪ್ಪಿನ ವ್ಯಾಪಾರಿಗಳು ಹೋಗುವ ದಾರಿಯಲ್ಲಿ ಒಂದು ಕಣಿವೆಯಿತ್ತು. ಕಣಿವೆಯ ಬಾಯಲ್ಲಿ ಒಬ್ಬ ದಣಿ ಆಳುಗಳ ಕೈಯಲ್ಲಿ ಅಡ್ಡ ಹಗ್ಗ ಹಿಡಿಸಿದ್ದ. ದಾರಿ ಅವನದಲ್ಲ, ಬೆಟ್ಟ ಅವನದಲ್ಲ, ಹಗ್ಗ ಮಾತ್ರ ಅವನದು. ಅಲ್ಲಿಗೆ ಬಂದವರು ಕಾಲಿನ ಮೆಟ್ಟು ಕಳಚಿ ತಲೆಯ ಮೇಲೆ ಇಟ್ಟುಕೊಂಡು ಹಗ್ಗದ ಕೆಳಗೆ ನುಸುಳಿ ದಾಟಬೇಕು. ಮೆಟ್ಟು ಕೆಳಗೆ ಬಿದ್ದರೆ ಬೆನ್ನ ಮೇಲೆ ಬಾರುಕೋಲಿನ ಏಟು. ಕತ್ತೆಗಳು ಬಂದಾಗ ಆಳುಗಳು ಹಗ್ಗವನ್ನು ಮೇಲೆತ್ತುತ್ತಿದ್ದರು. ಮನುಷ್ಯರು ಬಂದಾಗ ಸೊಂಟದ ಮಟ್ಟಕ್ಕೆ ಇಳಿಸುತ್ತಿದ್ದರು.

ಮೊದಮೊದಲು ವ್ಯಾಪಾರಿಗಳಿಗೆ ಸಿಟ್ಟು ಬಂತು. ಆಮೇಲೆ ಅಭ್ಯಾಸವಾಯಿತು. ಮಂಡಿ ಮಡಿಸಿ, ಕತ್ತು ಅಲುಗಿಸದೆ ಮೈ ಕುಗ್ಗಿಸುವ ವಿದ್ಯೆ ಕೈಸೇರಿತು. ಇಷ್ಟು ವರ್ಷದಲ್ಲಿ ನನ್ನ ಮೆಟ್ಟು ಒಂದು ಸಲವೂ ಬಿದ್ದಿಲ್ಲ ಎಂದು ಹೆಣ್ಣು ಕೊಡುವ ಮನೆಯಲ್ಲಿ ಹೇಳಿಕೊಳ್ಳುವವರೂ ಹುಟ್ಟಿಕೊಂಡರು.

ಆ ವ್ಯಾಪಾರಿಗಳಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಸತ್ತ ಮೇಲೆ ಅವನ ಎರಡು ಕತ್ತೆಗಳೂ ಅವನ ದಾರಿಯೂ ಅವಳ ಪಾಲಿಗೆ ಬಂದಿದ್ದವು. ಅವಳೂ ಎಲ್ಲರಂತೆ ನುಸುಳಿ ದಾಟುತ್ತಿದ್ದಳು. ಒಂದು ದಿನ ಅವಳು ಸಂತೆಯಿಂದ ಮನೆಗೆ ಬಂದಾಗ ಐದು ವರ್ಷದ ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಎರಡು ಗೂಟಕ್ಕೆ ಹುರಿ ಕಟ್ಟಿ, ತಲೆಯ ಮೇಲೆ ಅವ್ವನ ಹಳೆಯ ಮೆಟ್ಟು ಇಟ್ಟುಕೊಂಡು, ಹುರಿಯ ಕೆಳಗೆ ನುಸುಳುತ್ತಿದ್ದಳು.

"ನೋಡವ್ವಾ, ಬೀಳಲೇ ಇಲ್ಲ!" ಎಂದು ಮಗು ಕೈ ತಟ್ಟಿತು.

ಅವ್ವ ಹುರಿ ಬಿಚ್ಚಿದಳು. ಮಗು ಅತ್ತಿತು. ಅವಳು ನೇರವಾಗಿ ವ್ಯಾಪಾರಿಗಳ ಹಿರಿಯನ ಮನೆಗೆ ನಡೆದಳು.

"ಹಿರೀಕರೇ, ನಾವೆಲ್ಲ ಸೇರಿ ಒಂದು ಪಿಸ್ತೂಲು ಕೊಂಡಿದ್ದೆವಲ್ಲ. ನನ್ನ ಗಂಡನೂ ಪಾಲು ಹಾಕಿದ್ದ. ಅದೆಲ್ಲಿ?"

"ದೇವರ ಮನೇಲಿ ಭದ್ರವಾಗಿದೆ ಕಣಮ್ಮಾ. ಅಮಾವಾಸ್ಯೆಗೊಂದು ಪೂಜೆ ತಪ್ಪಿಸಿಲ್ಲ."

"ಹೊರಗೆ ತೆಗೀರಿ."

"ಯಾರು ಹಿಡಿದುಕೊಂಡು ಹೋಗಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಹನ್ನೊಂದು ವರ್ಷದಿಂದ ಮಾತುಕತೆ ನಡೀತಾ ಇದೆ."

ಆದರೂ ಹಿರಿಯ ಪೆಟ್ಟಿಗೆ ತೆರೆದು ತೋರಿಸಿದ. ಮೊಳದುದ್ದದ ಪಿಸ್ತೂಲು, ಹಿಡಿಗೆ ಬೆಳ್ಳಿಯ ಹೂವು. ಕಿಡಿ ಒಳಗೆ ಹೋಗುವ ಸಣ್ಣ ತೂತಿನಲ್ಲಿ ಹನ್ನೊಂದು ವರ್ಷದ ಅರಿಸಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅವಳು ಉಗುರು ಹಾಕಿ ನೋಡಿದಳು. ಕದಲಲಿಲ್ಲ.

"ಇದನ್ನ ಹಾರಿಸಿದರೆ ದಣಿಗೆ ಮಂಗಳಾರತಿ ಆಗಬಹುದು, ಅಷ್ಟೇ" ಎಂದು ಹೇಳಿ ಎದ್ದು ಹೋದಳು.

ಕೋವಿ ಮಾಡುವ ಆಚಾರಿ ಪಕ್ಕದ ಊರಿನಲ್ಲಿದ್ದ. ಅವಳು ಎರಡು ಕತ್ತೆಗಳನ್ನೂ ಹೊಡೆದುಕೊಂಡು ಅವನ ಕುಲುಮೆಗೆ ಬಂದಳು. ಆಚಾರಿ ಮೂರು ಪಿಸ್ತೂಲುಗಳನ್ನು ಕಂಬಳಿಯ ಮೇಲೆ ಇಟ್ಟ. ದೊಡ್ಡದಕ್ಕೆ ನಾಲ್ಕು ಕತ್ತೆಯ ಬೆಲೆ. ತೀರಾ ಚಿಕ್ಕದಕ್ಕೆ ಒಂದು ಮೂಟೆ ಉಪ್ಪು ಕೊಟ್ಟರೆ ಸಾಕು. ನಡುವಿನದಕ್ಕೆ ಒಂದು ಕತ್ತೆ.

ಅವಳು ದೊಡ್ಡದನ್ನು ಎತ್ತಿ ಸೆರಗಿನಿಂದ ಸೊಂಟಕ್ಕೆ ಬಿಗಿದಳು. ಬಿಗಿದು, ಅಲ್ಲೇ ಇದ್ದ ಇದ್ದಿಲ ಮೂಟೆಗೆ ಕೈ ಹಾಕಿದಳು. ಆಚಾರಿ ನಕ್ಕ.

"ತಾಯೀ, ಪಿಸ್ತೂಲನ್ನ ಕೈಯಲ್ಲಿ ಹಿಡಿದು ನೋಡಬೇಕು. ಸೊಂಟಕ್ಕೆ ಕಟ್ಟಿ ನೋಡೋರನ್ನ ಇವತ್ತೇ ಕಂಡೆ."

"ಕೈಯಲ್ಲಿ ಹಿಡಿಯೋದು ಎಂದೋ ಒಂದು ದಿನ ಆಚಾರ್ರೇ. ಸೊಂಟದಲ್ಲಿ ಇರೋದು ದಿನಾ" ಎಂದು ಅವಳು ಮೂಟೆ ಎತ್ತಿದಳು. ಪಿಸ್ತೂಲಿನ ತುದಿ ಪಕ್ಕೆಗೆ ಚುಚ್ಚಿತು. ಬಗ್ಗಿದಳು, ಚುಚ್ಚಿತು. ಕೂತಳು, ಚುಚ್ಚಿತು. ಬಿಚ್ಚಿ ಕಂಬಳಿಯ ಮೇಲಿಟ್ಟಳು.

"ಮೂಟೆ ಎತ್ತೋವಾಗ ಇದನ್ನ ತೆಗೆದಿಡಬೇಕಾಗತ್ತೆ. ತೆಗೆದಿಟ್ಟಿದ್ದು ಗೋಡೆಗೆ ಹೋಗತ್ತೆ, ಗೋಡೆಗೆ ಹೋಗಿದ್ದು ಪೆಟ್ಟಿಗೆಗೆ ಹೋಗತ್ತೆ. ಪೆಟ್ಟಿಗೇದು ಒಂದು ನೋಡಿಯೇ ಬಂದಿದ್ದೀನಿ."

"ಹಾಗಾದರೆ ಈ ಚಿಕ್ಕದು ತಗೋ. ಅಡಿಕೆ ಚೀಲದಲ್ಲಿ ಹಾಕಿಕೊಂಡರೂ ಗೊತ್ತಾಗಲ್ಲ."

"ಚೆನ್ನಾಗಿದೆ. ಎಲ್ಲಿ, ಒಂದು ಸಲ ನೀವೇ ಹಾರಿಸಿ."

ಆಚಾರಿ ಮದ್ದು ತುಂಬಿದ. ಕೈಯನ್ನು ಆದಷ್ಟು ದೂರ ಚಾಚಿದ. ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿದ. ಕಣ್ಣು ಮುಚ್ಚಿದ.

"ಸಾಕು, ಹಾರಿಸಬೇಡಿ" ಎಂದಳು ಅವಳು. "ಮಾಡಿದೋರೇ ಮುಖ ತಿರುಗಿಸಿದ ಮೇಲೆ ಕೊಂಡೋಳ ಗತಿ ಏನು?"

ಆಚಾರಿಗೆ ನಾಚಿಕೆಯಾಯಿತು. ನಡುವಿನದನ್ನು ಕೊಟ್ಟ. ಗೇಣುದ್ದದ ಕಬ್ಬಿಣ, ಹುಣಸೆ ಮರದ ಹಿಡಿ, ಹೂವಿಲ್ಲ ಬಳ್ಳಿಯಿಲ್ಲ. ಅವಳು ಅದನ್ನು ಕಟ್ಟಿಕೊಂಡು ಮೂಟೆ ಎತ್ತಿದಳು, ಇಳಿಸಿದಳು, ಕುಕ್ಕರುಗಾಲಲ್ಲಿ ಕೂತಳು. ಅದು ಅಲ್ಲಿದೆ ಎಂಬುದನ್ನು ಅರ್ಧ ಮರೆತಳು. ಆಮೇಲೆ ಒಡಕು ಗಡಿಗೆಯೊಂದನ್ನು ಬೇಲಿಗೆ ಸಿಕ್ಕಿಸಿ, ಹತ್ತು ಸಲ ಮದ್ದು ತುಂಬಿ ಕುದುರೆ, ಅಂದರೆ ಗುಂಡು ಹಾರಿಸುವ ಕೀಲು, ಎಳೆದಳು. ಒಂಬತ್ತು ಸಲ ಗುಂಡು ಹೊರಟಿತು. ಒಂದು ಸಲ ಕಿಡಿ ಬಿತ್ತು, ಗುಂಡು ಅಲ್ಲೇ ಉಳಿಯಿತು.

"ಸುಳ್ಳು ಹೇಳಲ್ಲ ತಾಯೀ. ಈ ಬೆಲೆಗೆ ಇದು ಇಷ್ಟೇ. ಹತ್ತಕ್ಕೊಂದು ಸಲ ಮುನಿಸಿಕೊಳ್ಳತ್ತೆ."

"ನನ್ನ ಕತ್ತೆ ಐದಕ್ಕೊಂದು ಸಲ ಮುನಿಸಿಕೊಳ್ಳತ್ತೆ ಆಚಾರ್ರೇ. ಅದನ್ನ ಕಟ್ಟಿಕೊಂಡೇ ಇಷ್ಟು ವರ್ಷ ಸಂತೆ ಮಾಡಿಲ್ವಾ?"

ಆ ಮುನಿಯುವ ಕತ್ತೆಯನ್ನೇ ಅವನ ಅಂಗಳದಲ್ಲಿ ಕಟ್ಟಿ, ಪಿಸ್ತೂಲು ತಗೊಂಡು ಬಂದಳು.

ಮರುಳಯ್ಯ ನಡುವೆ ಬಾಯಿ ಹಾಕಿದ. "ಗುರುಗಳೇ, ಹತ್ತಕ್ಕೊಂದು ಸಲ ಕೈಕೊಡುವುದೆಂದು ಗೊತ್ತಿದ್ದೂ ಕೊಂಡಳೇ? ಇನ್ನೊಂದು ವರ್ಷ ಕಾದು ಒಳ್ಳೆಯದನ್ನೇ ಕೊಳ್ಳಬಹುದಿತ್ತಲ್ಲ?"

"ಕಾಳಿನಲ್ಲಿ ಕಲ್ಲು ಉಳಿದಿದೆ, ನೋಡಿಕೋ" ಎಂದರು ಗುರುಗಳು. ಕತೆ ಮುಂದುವರಿಸಿದರು.

ಅವಳು ಚಮ್ಮಾರನ ಹತ್ತಿರ ಹೋಗಿ ಚರ್ಮದ ಒರೆ ಹೊಲಿಸಿದಳು. ಮಗುವನ್ನು ಎತ್ತಿಕೊಂಡಾಗ ಬೆರಳು ತಾಕಬಾರದೆಂದು ಕುದುರೆ ಮುಚ್ಚುವ ಹಾಗೆ ಹೊಲಿಸಿದಳು. ವಾರಕ್ಕೊಂದು ಸಲ ಹಳೆಯ ಮದ್ದು ಚೆಲ್ಲಿ ಹೊಸದು ತುಂಬಿದಳು. ದಿನವೂ ಒಂದು ತೊಟ್ಟು ಎಣ್ಣೆ ಬಿಟ್ಟು ಒರೆಸಿದಳು. ನೀರು ಸೇದುವಾಗ, ರಾಗಿ ಬೀಸುವಾಗ, ಸೌದೆ ಒಡೆಯುವಾಗ ಅದು ಸೊಂಟದಲ್ಲೇ ಇತ್ತು. ಬಾವಿಕಟ್ಟೆಯ ಹೆಂಗಸರು, "ಏನೇ, ಸೊಂಟಕ್ಕೆ ಡಾಬು ಮಾಡಿಸಿಕೊಂಡೆ ಅಂತ ಕೇಳಿದೆ, ಇದೇನಾ?" ಎಂದು ಕೆಣಕಿದರು. ಅವಳೂ ನಕ್ಕಳು. ಬಿಚ್ಚಲಿಲ್ಲ.

ಮಹಾನವಮಿ ಹತ್ತಿರ ಬಂತು. ವ್ಯಾಪಾರಿಗಳ ಹಿರಿಯ ಅವಳ ಬಾಗಿಲಿಗೆ ಬಂದ.

"ನಾಳೆ ಆಯುಧಪೂಜೆ. ನಿನ್ನದನ್ನೂ ದೇವರ ಮುಂದೆ ತಂದಿಡು. ದಶಮಿ ಸಂಜೆ ಬನ್ನಿ ಮುಡಿಯೋ ತನಕ ಯಾರೂ ಆಯುಧ ಎತ್ತಬಾರದು."

"ಎಲ್ಲರೂ ಇಡ್ತಾರಾ?"

"ಎಲ್ಲರೂ."

"ಹಗ್ಗದ ದಣಿ?"

"ಅವನೂ ದೇವರಿಗೆ ಹೆದರೋನೇ ಅಲ್ವೇನಮ್ಮಾ? ಇಡ್ತಾನೆ."

"ಸರಿ. ನಂದು ಇಡಲ್ಲ" ಎಂದಳು. "ಇದಕ್ಕೆ ದಿನಾ ಎಣ್ಣೆ ಅರಿವೆಯ ಪೂಜೆ ಆಗ್ತಿದೆ. ದೇವರಿಗೆ ಬೇಜಾರಾದರೆ ನನ್ನ ಕೇಳಲಿ, ಉತ್ತರ ಕೊಡ್ತೀನಿ."

ದಶಮಿಯ ಬೆಳಗ್ಗೆ ವ್ಯಾಪಾರಿಗಳು ಕಣಿವೆಯಾಚೆಯ ಹಬ್ಬದ ಸಂತೆಗೆ ಹೊರಟರು. ಅವಳೂ ಹೊರಟಳು. ಕತ್ತೆ ಒಂದೇ ಉಳಿದಿದ್ದರಿಂದ ಇನ್ನೊಂದರ ಮೂಟೆಯನ್ನು ತಲೆಯ ಮೇಲೆ ಹೊತ್ತು ಎಲ್ಲರಿಗಿಂತ ಮುಂದೆ ನಡೆದಳು.

ಕಣಿವೆಯ ಬಾಯಲ್ಲಿ ದಣಿ ಕಲ್ಲಿನ ಮೇಲೆ ಕೂತಿದ್ದ. ಅವನ ಕತ್ತಿ, ಬಂದೂಕು ಎಲ್ಲ ದೇವಿಯ ಮುಂದೆ ಹೂವಿನ ಕೆಳಗಿದ್ದವು. ನಾಲ್ವರು ಆಳುಗಳ ಕೈಯಲ್ಲಿ ಹಗ್ಗವೊಂದೇ ಇತ್ತು. ಕತ್ತೆಗೆ ಹಗ್ಗ ಎತ್ತಿದರು. ಅವಳಿಗೆ ಇಳಿಸಿದರು.

"ಮೆಟ್ಟು?" ಎಂದ ದಣಿ.

"ಕಾಲಲ್ಲಿದೆ."

"ತಲೆ ಮೇಲಿರಬೇಕಿತ್ತು."

"ತಲೆ ಮೇಲೆ ಮೂಟೆ ಇದೆ ದಣೀ. ಜಾಗ ಇಲ್ಲ."

ಆಳೊಬ್ಬನಿಗೆ ನಗು ತಡೆಯಲಾಗಲಿಲ್ಲ. ದಣಿ ಎದ್ದು ನಿಂತ. ಅವಳು ಮೂಟೆ ಇಳಿಸಿ, ಒರೆಯಿಂದ ಪಿಸ್ತೂಲು ತೆಗೆದು, ಅವನ ಎದೆಗೆ ನೇರ ಹಿಡಿದಳು. ದಿನವೂ ಮುಟ್ಟಿದ ಕಬ್ಬಿಣ, ಕೈಗೆ ಹೊಸದಲ್ಲ.

"ಒಂದು ಕತ್ತೆ ಬೆಲೆಯದಂತೆ ಅದು. ಹಾರತ್ತಾ?" ಎಂದ ದಣಿ.

"ಹತ್ತಕ್ಕೆ ಒಂಬತ್ತು ಸಲ ಹಾರತ್ತೆ. ನಿಮಗಿರೋದು ಎದೆ ಒಂದೇ. ಯೋಚನೆ ಮಾಡಿ."

"ಇವತ್ತು ದಶಮಿ. ಆಯುಧ ಎತ್ತೋದು ಪಾಪ."

"ಕೆಳಗಿಟ್ಟೋರಿಗೆ ಆ ಮಾತು. ನಾನು ಇಟ್ಟೇ ಇಲ್ಲವಲ್ಲ."

"ನಾಳೆ ಇದೇ ದಾರೀಲಿ ವಾಪಸ್ ಬರಬೇಕು ನೀನು. ನಾಳೆ ನನ್ನ ಕೈಲೂ ಬಂದೂಕು ಇರತ್ತೆ."

"ಬರ್ತೀನಿ. ನಾಳೆ ಇದೂ ಇರತ್ತೆ. ನಾಡಿದ್ದೂ ಇರತ್ತೆ, ಮಳೇಲೂ ಇರತ್ತೆ, ಜ್ವರ ಬಂದ ದಿನಾನೂ ಇರತ್ತೆ. ನಿಮ್ಮ ಆ ಬಂದೂಕು ಹೊರೋಕೆ ಇಬ್ಬರು ಬೇಕು. ನನಗೋಸ್ಕರ ದಿನಾ ಹೊತ್ತು ನಿಲ್ತಾರಾ, ಇವರನ್ನೇ ಕೇಳಿ."

ದಣಿ ಆಳುಗಳ ಕಡೆ ನೋಡಿದ. ಆಳುಗಳು ನೆಲ ನೋಡಿದರು. ಒಬ್ಬ ಕೈ ಸಡಿಲಿಸಿದ. ಹಗ್ಗ ಮಣ್ಣಿಗೆ ಬಿತ್ತು.

ಅವಳು ಎಡಗೈಯಿಂದ ಮೂಟೆಯನ್ನು ಎಳೆದುಕೊಂಡು, ಹಗ್ಗವನ್ನು ಮೆಟ್ಟಿನಿಂದಲೇ ತುಳಿದು ದಾಟಿದಳು. ಆಚೆ ನಿಂತು, ದಣಿಯ ಮೇಲಿಂದ ಕಣ್ಣು ತೆಗೆಯದೆ, "ಬನ್ನಿ ಎಲ್ಲರೂ" ಎಂದು ಕೂಗಿದಳು. ದಾಟಿ ಬರುವವರ ಕಡೆಗೆ ಅವಳು ನೋಡಲಿಲ್ಲ.

ವ್ಯಾಪಾರಿಗಳು ಬಂದರು. ಹಗ್ಗ ನೆಲದಲ್ಲಿ ಬಿದ್ದಿತ್ತು. ಅದರ ಹತ್ತಿರ ಬಂದಾಗ ಹಿರಿಯ ಮೆಟ್ಟು ಕಳಚಿದ. ತಲೆಯ ಮೇಲಿಟ್ಟುಕೊಂಡ. ಮಂಡಿ ಮಡಿಸಿ, ಕತ್ತು ಅಲುಗಿಸದೆ, ಬರಿಯ ಗಾಳಿಯ ಕೆಳಗೆ ನುಸುಳಿ ದಾಟಿದ. ಅವನ ಹಿಂದಿನವನೂ ಹಾಗೆಯೇ ದಾಟಿದ. ಅವನ ಹಿಂದಿನವನೂ. ಹನ್ನೊಂದು ಜನ ದಾಟಿದರು. ಒಬ್ಬರ ಮೆಟ್ಟೂ ಬೀಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಕೆಂಪಾಗಿತ್ತು.

"ಎಂಥ ಜನ ಗುರುಗಳೇ! ಹಗ್ಗ ಬಿದ್ದಿದೆ, ಇನ್ನಾದರೂ ತಲೆಯೆತ್ತಿ ನಡೆಯಿರಿ ಎಂದು ಅವರಿಗೆ ಯಾರೂ ಹೇಳಲಿಲ್ಲವೇ?"

"ಇಷ್ಟು ಹೊತ್ತು ನಿನಗೆ ಅದನ್ನೇ ಹೇಳಿದೆನಲ್ಲ, ಮಗು" ಎಂದರು ಗುರುಗಳು.