ಕವರು ಬೇಯಿಸುವ ಒಲೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದನು: "ಸಿಟ್ಟು ಬಂದಾಗ ಬಾಯಿಗೆ ಬಂದಂತೆ ಬೈದುಬಿಡುತ್ತೇನೆ. ಸಂಜೆಯೊಳಗೆ ಹೋಗಿ ಕಾಲು ಹಿಡಿದು ಕ್ಷಮೆಯನ್ನೂ ಕೇಳುತ್ತೇನೆ. ಮನಸಾರೆ ಕೇಳಿದ ಮೇಲೆ ತಪ್ಪು ಅಲ್ಲಿಗೆ ಕಳೆಯಿತಲ್ಲವೇ, ಗುರುಗಳೇ?"

"ಕೂತುಕೋ," ಎಂದರು ಗುರುಗಳು. "ಒಬ್ಬ ಕಮ್ಮಾರನ ಕತೆ ಹೇಳುತ್ತೇನೆ."

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಅವನ ಹಸು ಮೂರು ದಿನ ಮೇವು ಮುಟ್ಟದೆ ಸತ್ತಿತು. ದನದ ಡಾಕ್ಟರು ಹೊಟ್ಟೆ ಕೊಯ್ದು ನೋಡಿದರೆ ಒಂದು ಮಂಕರಿ ತುಂಬುವಷ್ಟು ಪ್ಲಾಸ್ಟಿಕ್ ಕವರು. ಕಮ್ಮಾರ ಎರಡು ದಿನ ಅನ್ನ ಮುಟ್ಟಲಿಲ್ಲ. ಆ ಹಸುವಿನ ಕರು ಒಂದು ಉಳಿದಿತ್ತು. ಅದಕ್ಕೂ ಈ ಗತಿ ಬರಬಾರದು, ಅವನ ಹಂಬಲ ಅದೊಂದೇ.

ಹಿಂದೆ ಅವನು ಪೇಟೆಯ ಕಾರ್ಖಾನೆಯಲ್ಲಿ ದುಡಿದಿದ್ದ. ಪ್ಲಾಸ್ಟಿಕ್ಕಿನಿಂದ ಎಣ್ಣೆ ಇಳಿಸುವುದನ್ನು ಅಲ್ಲಿ ಕಂಡಿದ್ದ. ಕಬ್ಬಿಣದ ಪೀಪಾಯಿಗೆ ಕವರು ತುಂಬಿ, ಗಾಳಿ ಸುಳಿಯದಂತೆ ಮುಚ್ಚಳ ಬಿಗಿದು, ಕೆಳಗೆ ಬೆಂಕಿ ಹಾಕಿದ. ಗಾಳಿ ಇಲ್ಲದ ಕಡೆ ಪ್ಲಾಸ್ಟಿಕ್ ಹೊತ್ತಿ ಉರಿಯುವುದಿಲ್ಲ, ಕರಗಿ ಆವಿಯಾಗುತ್ತದೆ. ಆ ಆವಿಯನ್ನು ಕೊಳವೆಯಲ್ಲಿ ಹಾಯಿಸಿ ನೀರಿನ ತೊಟ್ಟಿಯಲ್ಲಿ ತಣಿಸಿದ. ಎರಡು ಸಲ ಮುಚ್ಚಳ ಸರಿಯಾಗಿ ಕೂರದೆ ಹುಬ್ಬು ಸುಟ್ಟುಕೊಂಡದ್ದು ಬೇರೆ ಮಾತು. ಮೂರನೆಯ ಸಲ ಕೊಳವೆಯ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕಿತು. ಆ ಎಣ್ಣೆಯಲ್ಲಿ ಊರಿನ ಹಿಟ್ಟಿನ ಗಿರಣಿ ಓಡಿತು. ಕೆರೆ ದಂಡೆಯ ಕಸದ ಗುಡ್ಡೆ ದಿನದಿನಕ್ಕೆ ಕರಗಿತು.

ಊರಿಗೆ ಊರೇ ಹಿಗ್ಗಿತು. ಒಳ್ಳೆಯ ಜನ, ಸುಮ್ಮನೆ ಇರಲಾರರು. ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಿದ್ದ ಅಂಗಡಿಯವನು, ಹೇಗೂ ಒಲೆ ಇದೆಯಲ್ಲ ಎಂದು, ಕವರು ತರಿಸಿದ. ನಿಶ್ಚಿತಾರ್ಥದ ಊಟಕ್ಕೆ ಮುತ್ತುಗದ ಎಲೆ ಬಿಟ್ಟು ಪ್ಲಾಸ್ಟಿಕ್ ತಟ್ಟೆ ಹಾಕಿಸಿದರು. "ಕಮ್ಮಾರನ ಒಲೆಗೂ ಒಂದು ಊಟ ಆಗಲಿ ಬಿಡಿ" ಎಂದು ನಕ್ಕರು. ಮಿಕ್ಕ ಅನ್ನವನ್ನು ಚೆಲ್ಲದಂತೆ ಕವರಿಗೆ ಹಾಕಿ, ಬಿಗಿಯಾಗಿ ಗಂಟು ಬಿಗಿದು, ಅವನ ಬಾಗಿಲಲ್ಲೇ ಇಟ್ಟು ಹೋದರು.

ಪ್ರೀತಿಯಿಂದ ತಂದವರಿಗೆ ಯಾವ ಬಾಯಲ್ಲಿ ಬೇಡ ಎನ್ನುವುದು? ಒದ್ದೆ ಕವರು ಒಲೆಗಾಗದು. ಬಿಚ್ಚಬೇಕು, ತೊಳೆಯಬೇಕು, ಒಣಗಿಸಬೇಕು. ಪೀಪಾಯಿಗೆ ಹಿಡಿಸುವುದು ದಿನಕ್ಕೆ ಒಂದು ಚೀಲ, ಬರುವುದು ನಾಲ್ಕು. ಮಿಕ್ಕದ್ದು ಅಂಗಳದಲ್ಲಿ ಬಿದ್ದಿರುತ್ತಿತ್ತು. ಕಮ್ಮಾರ ಊಟ ನಿದ್ದೆ ಬಿಟ್ಟು ದುಡಿದ.

ಒಂದು ಬೆಳಗ್ಗೆ ಕರು ಮೇಲೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ರಾಣ ಬಿಟ್ಟಿತು. ಅದೇ ಡಾಕ್ಟರು ಬಂದರು. ಹೊಟ್ಟೆಯಿಂದ ತೆಗೆದ ಕವರುಗಳ ಗಂಟು ಇನ್ನೂ ಬಿಚ್ಚಿರಲಿಲ್ಲ. ಅನ್ನದ ವಾಸನೆಗೆ ಕರು ಕವರಿನ ಸಮೇತ ನುಂಗಿತ್ತು.

ಪಕ್ಕದ ಮನೆಯ ಮುದುಕಿ ಒಂದು ಗಂಟು ನೋಡಿ ಗೋಳೋ ಎಂದಳು. "ಈ ಎರಡೆಳೆ ಗಂಟು ನಾನೇ ಹಾಕಿದ್ದು ಕಣಪ್ಪಾ. ನಿನ್ನ ಒಲೆಗೆ ಅಂತ ಇಟ್ಟಿದ್ದೆ."

ಕಮ್ಮಾರ ಅವಳ ಕೈ ಹಿಡಿದುಕೊಂಡ. "ನೀನು ಒಲೆಗೇ ಇಟ್ಟಿದ್ದೆ ಅಜ್ಜಿ. ನನಗೇ ತಡವಾಯ್ತು" ಎಂದು ಅವಳ ಜೊತೆ ತಾನೂ ಅತ್ತ. ಊರಿನವರೆಲ್ಲ ತಲೆ ತಗ್ಗಿಸಿ ನಿಂತಿದ್ದರು.

ಕತೆ ಕೇಳಿದ ಶಿಷ್ಯನ ಕಣ್ಣೂ ತುಂಬಿತ್ತು. "ಪಾಪ! ಹಾಗಾದರೆ ಅವನು ಒಲೆ ಕಟ್ಟಿದ್ದೇ ತಪ್ಪಾಯಿತೇ, ಗುರುಗಳೇ?"

"ಇಲ್ಲಪ್ಪ, ಒಲೆ ಬೇಕಿತ್ತು. ಈಗಲೂ ಉರಿಯುತ್ತಿದೆ," ಎಂದು ಗುರುಗಳು ಅವನ ಮುಖ ನೋಡಿದರು.

"ಬೆಳಗ್ಗೆ ನೀನು ಬೈದ ಮಾತು, ಸಂಜೆ ನೀನು ಕ್ಷಮೆ ಕೇಳುವವರೆಗೆ ಯಾರ ಹೊಟ್ಟೆಯಲ್ಲಿತ್ತು?"