ದಡವನ್ನು ತಳ್ಳಿದವಳು

"ಮತ್ತೆ ಬಂದಳು ನೋಡಿ ಅಮ್ಮ. ನಾನು ಪುಸ್ತಕ ಬಿಚ್ಚುವುದನ್ನೇ ಕಾಯುತ್ತಿರುತ್ತಾಳೆ," ಎಂದಳು ಶಿಷ್ಯೆ ಹೈಮವತಿ.

ಗುರುಮಾತೆ ಮೆಟ್ಟಿಲ ಕಡೆ ನೋಡಿದರು. ಬರುವ ಹುಣ್ಣಿಮೆಗೆ ಅವರು ತಾವು ಕೂತು ಪಾಠ ಹೇಳುತ್ತಿದ್ದ ಮಣೆಯನ್ನು ಒಬ್ಬರಿಗೆ ಒಪ್ಪಿಸುವವರಿದ್ದರು. ಹೈಮವತಿಗೆ ಆ ಮಣೆ ಬೇಕಿತ್ತು.

ಮೆಟ್ಟಿಲ ಕೆಳಗೆ ಹರಿಗೋಲು ನಡೆಸುವ ನೀಲವ್ವ ನಿಂತಿದ್ದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಹರಿಗೋಲಿನ ತಳಕ್ಕೆ ಬಳಿಯುವ ಬಣ್ಣದ ಡಬ್ಬಿ.

"ಇದರ ಮ್ಯಾಲೆ ಏನೋ ಇಂಗ್ಲಿಷ್‌ನಾಗ ಬರ್ದಾರ್ರೀ ಅಕ್ಕಾರ. ಓದಿ ಹೇಳ್ರಿ."

"ವಾಟರ್ ರಿಪೆಲೆಂಟ್. ನೀರನ್ನು ಒಳಗೆ ಬಿಡದೆ ಹಿಂದಕ್ಕೆ ತಳ್ಳುವಂಥದ್ದು."

"ಆ ಮಾತು ಬರೇ ನೀರಿಗಷ್ಟೇ ಏನ್ರಿ?"

ಹೈಮವತಿಯ ಕತ್ತು ತಾನಾಗಿ ಮೇಲೆದ್ದಿತು.

"ರಿಪೆಲ್. ದಂಡೆತ್ತಿ ಬಂದವರನ್ನು ಹಿಮ್ಮೆಟ್ಟಿಸಿದರೂ ಅದೇ. ಅಯಸ್ಕಾಂತಗಳು ಒಂದನ್ನೊಂದು ದೂಡಿದರೂ ಅದೇ. ಕಂಡರೆ ಹೇಸಿಗೆ ಬಂದರೂ ಅದೇ. ಮೂಲ ಲ್ಯಾಟಿನ್. ರೆ ಅಂದರೆ ಹಿಂದಕ್ಕೆ, ಪೆಲ್ಲೆರೆ ಅಂದರೆ ತಳ್ಳುವುದು, ಅಟ್ಟುವುದು. ನಾಡಿಬಡಿತಕ್ಕೆ ಪಲ್ಸ್ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು."

ನೀಲವ್ವ ಕೂಸಿನ ಮುಂಗೈ ಹಿಡಿದು ನೋಡಿದಳು.

"ನಾನೂ ದಿನಾ ಬಂದು ಕುಂದರ್ಲೇನ್ರಿ? ಮುಂದ ಇದಕ್ಕ ಹೇಳಿಕೊಡಾಕ ಬೇಕಾಗ್ತೈತಿ."

"ಇದು ಪಾಠದ ಜಾಗ, ತೊಟ್ಟಿಲು ಕಟ್ಟುವ ಜಾಗವಲ್ಲ. ಮಗು ಅತ್ತರೆ ನನ್ನ ತಲೆಯಲ್ಲಿರುವುದೆಲ್ಲ ಹಾರಿಹೋಗುತ್ತದೆ."

"ಅಷ್ಟು ಸಡ್ಲ ಇಟ್ಕೊಂಡೀರೇನ್ರಿ?" ಎಂದು ನೀಲವ್ವ ತಿರುಗಿ ನದಿಯ ಕಡೆ ಹೊರಟಳು.

ಹೈಮವತಿ ಗುರುಗಳತ್ತ ನೋಡಿದಳು. "ಒಂದು ಅರ್ಥವನ್ನಾದರೂ ಬಿಟ್ಟೆನಾ ಅಮ್ಮ?"

"ಬಿಡಲಿಲ್ಲ."

"ಹಾಗಾದರೆ ಮಣೆ ನನಗೇ ತಾನೆ?"

ಗುರುಗಳು ಎದ್ದರು. "ಬಾ, ನದಿಗೆ ಹೋಗೋಣ."

ದಡದಲ್ಲಿ ನೀಲವ್ವನನ್ನು ಕೇಳಿ, ಹೈಮವತಿಯನ್ನು ಹರಿಗೋಲಿನಲ್ಲಿ ಕೂರಿಸಿದರು. ಅದರ ಹಗ್ಗವನ್ನು ತಾವೇ ಹಿಡಿದುಕೊಂಡು, ಹುಟ್ಟನ್ನು ಅವಳ ಕೈಗೆ ಕೊಟ್ಟರು.

"ಈ ದಡವನ್ನು ಹಿಂದಕ್ಕೆ ತಳ್ಳು."

"ಇಷ್ಟೇನಾ?" ಎಂದು ಹೈಮವತಿ ನಕ್ಕಳು. ಹುಟ್ಟನ್ನು ಬಂಡೆಗೆ ಊರಿ, ಮೈಯ ಬಲವನ್ನೆಲ್ಲ ಹಾಕಿ ತಳ್ಳಿದಳು.

ಹರಿಗೋಲು ಗಿರ್ರನೆ ತಿರುಗಿತು. ತಿರುಗುತ್ತಲೇ ಹಗ್ಗದ ಉದ್ದಕ್ಕೂ ಹೊಳೆಯೊಳಗೆ ಸರಿಯಿತು. ಅದು ನಿಂತ ಮೇಲೆ ಹೈಮವತಿ ತಲೆಯೆತ್ತಿ ನೋಡಿದಳು.

ದಡ ಇದ್ದಲ್ಲೇ ಇತ್ತು. ಗುರುಗಳು ಬಂಡೆಯ ಮೇಲೆ ಕೂತಿದ್ದರು. ಅವರ ಮಗ್ಗುಲಲ್ಲಿ ನೀಲವ್ವ, ಅವಳ ತೊಡೆಯ ಮೇಲೆ ಕೂಸು.

ಗುರುಗಳು ಅಲ್ಲಿಂದಲೇ ಕೂಗಿ ಕೇಳಿದರು.

"ಪಾಠ ಶುರುವಾಯಿತು ಹೈಮವತಿ. ನೀಲವ್ವ ಇಲ್ಲೇ ಇದ್ದಾಳೆ. ನೀನು ಎಲ್ಲಿದ್ದೀಯ?"